ಬಾಗಿಲು ತೆಗೆದರೆ ಏಳದ ಕಾರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮಗಳು ಹೇಳುತ್ತಾಳೆ. ಇರಲಿ. ಚಳಿಗಾಲದ ಬೆಳಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ರಿಮೋಟ್ ಒತ್ತಿದಾಗ, ಅಂಗಳದಲ್ಲಿರುವ ಕಾರು ಏಳದೆ ಬರೀ ದೀಪ ಮಿಟುಕಿಸಿ ಅಣಕಿಸಿದರೆ ಬೇರೆಯವರ ಕೋಪ ಎಲ್ಲಿರುತ್ತದೋ ನಾನೂ ನೋಡುತ್ತೇನೆ.

ಆ ರಿಮೋಟ್ ನಾನು ಕೇಳಿ ಹಾಕಿಸಿಕೊಂಡದ್ದಲ್ಲ. ಅಳಿಯ ತಾವಾಗಿಯೇ ಬಂದು ಹಾಕಿದ್ದು. ಅವರದು ಕಾರಿನ ವೈರಿಂಗ್ ಕೆಲಸ, ರೈಲು ಹಳಿಯ ಪಕ್ಕದಲ್ಲಿ ಒಂದು ಶೆಡ್ಡು, ಓಡಾಡಲು ಒಂದು ಹಳದಿ ವ್ಯಾನು. ನಾನು ಆಸ್ಪತ್ರೆಯಲ್ಲಿ ಬಟ್ಟೆ ಕೋಣೆ ನೋಡಿಕೊಳ್ಳುವವಳು. ಒಗೆದ ಚಾದರ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲ ಯಂತ್ರದಿಂದ ಬಿಸಿಬಿಸಿಯಾಗಿ ಬರುತ್ತವೆ. ಮಡಿಸಿ, ಜೋಡಿಸಿ, ವಾರ್ಡುಗಳು ಏಳುವ ಮೊದಲೇ ಕಳಿಸಬೇಕು. ಇಷ್ಟು ವರ್ಷ ಮಡಿಸಿದ್ದಕ್ಕೆ ನನ್ನ ಬೆರಳುಗಳೂ ಮಡಿಸಿದ ಹಾಗೇ ನಿಂತುಬಿಟ್ಟಿವೆ. ಚಳಿಯಲ್ಲಿ ಕಾರಿನ ಕೀ ತಿರುಗಿಸುವಾಗ ಜೀವ ಬಾಯಿಗೆ ಬರುತ್ತದೆ. ಮುದಿ ಇಂಜಿನ್ನು ಬೇರೆ, ಒಂದೇ ಸಲಕ್ಕೆ ಏಳುವ ಜಾತಿಯದಲ್ಲ.

ಒಂದು ಭಾನುವಾರ ಅಳಿಯ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದರು. "ಅತ್ತೆ, ನಿಮ್ಮ ಬೆರಳು ನೋಯುತ್ತಂತೆ. ರಿಮೋಟ್ ಸ್ಟಾರ್ಟರ್ ಹಾಕ್ತೀನಿ. ಒಳಗಿಂದಾನೇ ಒತ್ತಿದ್ರೆ ಸಾಕು, ನೀವು ಬರೋ ಹೊತ್ತಿಗೆ ಕಾರು ಬೆಚ್ಚಗಾಗಿರುತ್ತೆ."

"ನನ್ನ ಬೆರಳು ನೋಯುತ್ತೆ ಅಂತ ಯಾರು ಹೇಳಿದ್ರು ನಿಮಗೆ?"

 ನಮ್ಮ ಅಳಿಯಂದಿರ ಹತ್ತಿರ ಉತ್ತರ ತೆಗೆಯುವುದಕ್ಕಿಂತ ಕಲ್ಲಿನಿಂದ ನಾರು ತೆಗೆಯುವುದು ಸುಲಭ. ಮೌನ ಸಮ್ಮತಿಯ ಲಕ್ಷಣ ಅನ್ನುತ್ತಾರೆ. ಇವರ ಮೌನ ಯಾವುದರ ಲಕ್ಷಣ ಅಂತ ಮದುವೆಯಾದ ದಿನದಿಂದ ನನಗೂ ತಿಳಿದಿಲ್ಲ, ಮಗಳಿಗೂ ತಿಳಿದಿಲ್ಲ. ಅವರು ಬಾನೆಟ್ ಎತ್ತಿದರು. ಒಳಗೆ ಕೋಣೆಯ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು. ಅದು ನನ್ನ ಮಗಳು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವರದು ಜಗಳವಾಗಿದ್ದರೆ ಹಾಗೇ ಮುಗಿಯುತ್ತಿತ್ತೋ ಏನೋ. ಜಗಳಕ್ಕೆ ಎರಡು ಬಾಯಿ ಬೇಕಲ್ಲ. ಆಗಿದ್ದು ಇಷ್ಟು: ಮಗಳು ತುಂಬಿದ ಬಸುರಿ. ಹುಟ್ಟುವ ಕೂಸಿಗೆ ಅಂತ ಅಳಿಯ ತೊಟ್ಟಿಲ ಹತ್ತಿರ ಒಂದು ಪುಟ್ಟ ದೀಪ ಮಾಡಿ ಇಟ್ಟಿದ್ದರು. ಅವರಿಗೆ ಬರುವುದು ಕಾರಿನ ವಿದ್ಯೆ ಒಂದೇ, ಆದ್ದರಿಂದ ಕಾರಿನ ಬಲ್ಬು, ಕಾರಿನ ಬ್ಯಾಟರಿ, ಮೇಲೆ ಹಾಲುಬಣ್ಣದ ಗಾಜಿನ ಬಟ್ಟಲು. ಕೂಸು ಬೆಚ್ಚಬಾರದು ಅಂತ ಅದು ಥಟ್ಟನೆ ಹತ್ತುತ್ತಿರಲಿಲ್ಲ, ನಿಧಾನಕ್ಕೆ ಬೆಳಕಾಗಿ ನಿಧಾನಕ್ಕೆ ಆರುತ್ತಿತ್ತು. ಮಗಳು ಅದನ್ನು ದಿನಾ ಹತ್ತಿಸಿ ಆರಿಸಿ ನೋಡುತ್ತಿದ್ದಳಂತೆ. ಕೂಸು ಉಳಿಯಲಿಲ್ಲ. ಬರಿಗೈಯಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದರೆ ತೊಟ್ಟಿಲ ಮೂಲೆ ಖಾಲಿ. ಇವಳು ಬರುವಷ್ಟರಲ್ಲಿ ಅಳಿಯ ದೀಪ ಬಿಚ್ಚಿ, ವೈರು ಸುತ್ತಿ, ಗೋಡೆಯ ತೂತಿಗೆ ಸುಣ್ಣ ಮೆತ್ತಿಬಿಟ್ಟಿದ್ದರು. ಒಂದು ಮಾತಾಡಲಿಲ್ಲ. ಮಾರನೆಯ ದಿನ ಶೆಡ್ಡಿಗೆ ಹೋದರು. ಇವಳು ಒಂದೇ ಚೀಲ ಹಿಡಿದು ನನ್ನ ಮನೆಗೆ ಬಂದಳು.

"ಆರ್ಡರ್ ಕ್ಯಾನ್ಸಲ್ ಆದ ಕೆಲಸದ ಹಾಗೆ ಬಿಚ್ಚಿಟ್ರಮ್ಮ," ಅಂದಳು. ಅಷ್ಟು ಹೇಳಿ ಅವಳೂ ಬಾಯಿ ಮುಚ್ಚಿದಳು.  ಏನು ಹೇಳಬೇಕು ಅಂತ ನನಗೂ ತಿಳಿಯಲಿಲ್ಲ. ಹಾಗಾಗಿ ಅವಳ ಹಾಸಿಗೆಗೆ ಹೊಸ ಚಾದರ ಹಾಸಿದೆ. ನನಗೆ ಬರುವ ವಿದ್ಯೆ ಅದು.

ಆ ಭಾನುವಾರ ಸಂಜೆಯಾಗುವ ಹೊತ್ತಿಗೆ ಅಳಿಯ ಕೈ ಒರೆಸಿಕೊಂಡು ನನಗೆ ಪಾಠ ಶುರುಮಾಡಿದರು. ನಮ್ಮದು ಗೇರು ಹಾಕುವ ಕಾರಾದ್ದರಿಂದ ಒಂದು ಕ್ರಮ ಇದೆ. ಸಂಜೆ ಕಾರು ನಿಲ್ಲಿಸಿದ ಮೇಲೆ ಗೇರನ್ನು ನ್ಯೂಟ್ರಲ್‌ಗೆ ತರಬೇಕು, ಹ್ಯಾಂಡ್‌ಬ್ರೇಕ್ ಎಳೆಯಬೇಕು, ರಿಮೋಟ್ ಒತ್ತಬೇಕು, ಆಮೇಲೆ ಕೀ ತೆಗೆಯಬೇಕು. ಕೀ ತೆಗೆದರೂ ಇಂಜಿನ್ ಓಡುತ್ತಲೇ ಇರುತ್ತದೆ. ಇಳಿದು ಬಾಗಿಲು ಹಾಕಿ ಅದೇ ರಿಮೋಟಿನಿಂದ ಬೀಗ ಒತ್ತಿದರೆ ತಾನೇ ಆರುತ್ತದೆ. ಆಗ ಅದು ಬೆಳಗಿನ ಕರೆಗೆ ತಯಾರು ಅಂತ ಲೆಕ್ಕ.

"ಆಮೇಲೆ ಬೆಳಗ್ಗೆ ತನಕ ಯಾರೂ ಬಾಗಿಲು ತೆಗೀಬಾರದು ಅತ್ತೆ," ಅಂದರು. "ತೆಗೆದ್ರೆ, ಯಾರೋ ಒಳಗೆ ಕೂತು ಗೇರ್ ಹಾಕಿರಬಹುದು ಅಂತ ಅದಕ್ಕೆ ಅನುಮಾನ. ಗೇರಲ್ಲಿದ್ದಾಗ ಸ್ಟಾರ್ಟ್ ಆದ್ರೆ ಕಾರು ಮುಂದಕ್ಕೆ ಹಾರುತ್ತೆ. ಅದಕ್ಕೇ ಏಳಲ್ಲ."

ಅವರ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೇ ಮೊದಲು. ಇನ್ನೊಂದು ವಿಚಿತ್ರವನ್ನೂ ಹೇಳಿದರು. ಕೀ ಹತ್ತಿರದಲ್ಲಿ ಇಲ್ಲದೆ ಕಾರು ಏಳುವುದಿಲ್ಲವಂತೆ. ಅದಕ್ಕೆ ನಮ್ಮ ಎರಡನೇ ಕೀಯನ್ನು ಟೇಪು ಸುತ್ತಿ ಸ್ಟಿಯರಿಂಗಿನ ಹಿಂದೆ ಒಳಗೆಲ್ಲೋ ಮಲಗಿಸಿಬಿಟ್ಟಿದ್ದರು. ಯಜಮಾನಿ ಒಳಗೇ ಕೂತಿದ್ದಾಳೆ ಅಂತ ಕಾರು ನಂಬಿಕೊಳ್ಳಬೇಕು. ನನಗೆ ಆ ಮಾತು ಯಾಕೋ ಬಹಳ ಹಿಡಿಸಿತು. ಆ ದಿನ ಕಣ್ಣು ಮುಚ್ಚುವಾಗ, ಕತ್ತಲ ಗೂಡಿನಲ್ಲಿ ಬೆಚ್ಚಗೆ ಮಲಗಿದ ಆ ಕೀಯೇ ಕಣ್ಣ ಮುಂದೆ ಬಂತು.

ಮೊದಲ ಬೆಳಗ್ಗೆಯ ಸೊಗಸು ಹೇಳುತ್ತೇನೆ. ಹೊರಗೆ ಮಂಜು. ಎದುರು ಮನೆ ಇಲ್ಲ, ಗೇಟಿಲ್ಲ, ಬೀದಿಯಿಲ್ಲ, ಎಲ್ಲ ಬಿಳೀ ಚಾದರ ಹೊದ್ದು ಮಲಗಿತ್ತು. ನಾನು ಒಲೆಯ ಮೇಲೆ ಹಾಲಿಟ್ಟು ಕಿಟಕಿಯಿಂದ ರಿಮೋಟ್ ಒತ್ತಿದೆ. ಎಲ್ಲೋ ಬಿಳುಪಿನ ಒಳಗೆ ಒಂದು ಕೆಮ್ಮು. ಆಮೇಲೆ ಎರಡು ಕಿತ್ತಳೆ ಬೆಳಕು ಅರಳಿದವು. ಯಾರೂ ಇಲ್ಲದ ಕಾರು ತನ್ನಷ್ಟಕ್ಕೆ ಗುನುಗುಟ್ಟುತ್ತ ನಿಂತಿತು. ನಾನು ಹೋಗಿ ಕೂತಾಗ ಸ್ಟಿಯರಿಂಗು ಬೆಚ್ಚಗಿತ್ತು. ಯಾರೋ ನನಗಿಂತ ಮುಂಚೆ ಎದ್ದು ನನಗಾಗಿ ಕೆಲಸ ಮಾಡಿಟ್ಟಂತೆ ಆಯಿತು. ಗಂಡ ಹೋದ ಮೇಲೆ ನನಗೆ ಹಾಗೆ ಅನಿಸಿರಲೇ ಇಲ್ಲ.

ಎರಡನೇ ಬೆಳಗ್ಗೆ ಒತ್ತಿದರೆ ಕೆಮ್ಮಿಲ್ಲ. ಬೆಳಕು ಮಾತ್ರ ಮಿನುಗಿತು. ಉದ್ದಕ್ಕೊಮ್ಮೆ, ಮತ್ತೆ ಉದ್ದಕ್ಕೊಮ್ಮೆ, ಆಮೇಲೆ ಗಿಡ್ಡಕ್ಕೆ. ಮತ್ತೆ ಒತ್ತಿದೆ. ಅದೇ ಮಿನುಗು. ಅಳಿಯಂದಿರಿಗೆ ಫೋನು ಹಾಕಿದೆ.

"ದೀಪ ಹೇಗೆ ಮಿನುಗ್ತು ಅತ್ತೆ?"

"ಹೇಗೋ ಮಿನುಗ್ತು. ಉದ್ದ ಉದ್ದ ಗಿಡ್ಡ. ನನ್ನನ್ನೇ ಅಣಕಿಸಿದ ಹಾಗಿತ್ತು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅರ್ತ್ ಲೂಸಾಗಿರಬಹುದು. ಬಂದೆ," ಅಂದರು.

ಬಂದರು. ಡ್ರೈವರ್ ಸೀಟಿನ ಕೆಳಗೆ ಬೆನ್ನು ಕೊಟ್ಟು, ತಲೆಯನ್ನು ಪೆಡಲುಗಳ ಹತ್ತಿರ ತೂರಿಸಿ, ಕಾಲನ್ನು ಬಾಗಿಲಾಚೆ ಚಾಚಿ ಮಲಗಿದರು. ಕರೆಂಟು ನೋಡುವ ಟೆಸ್ಟ್ ಲ್ಯಾಂಪಿನ ಕೆಂಪು ಚುಕ್ಕಿ ಒಳಗೆ ಹತ್ತಿ ಆರಿ ಮಾಡಿತು. ಕಾರಿನ ಮೈಗೆ ತಾಗುವ ಅರ್ತ್ ವೈರು ಕೂರುವ ಜಾಗದ ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿ ಮತ್ತೆ ಬಿಗಿದರು. ಕ್ರಮದ ಪ್ರಕಾರ ಎಲ್ಲ ಮಾಡಿ ನೋಡಿದರೆ ಕಾರು ಗಕ್ಕನೆ ಎದ್ದಿತು. ಅವರು ಇನ್ನೂ ಕೆಳಗೆ ಮಲಗಿದ್ದಾಗಲೇ ನಾನು ಚಹಾದ ಲೋಟ ಕಾರಿನ ತಲೆಯ ಮೇಲಿಟ್ಟಿದ್ದೆ. ತಿರುಗಿದರೆ ಅಡುಗೆಮನೆಯ ಕಿಟಕಿಯಲ್ಲಿ ಮಗಳು. ಬಾಗಿಲಾಚೆ ಚಾಚಿದ್ದ ಆ ಎರಡು ಕಾಲುಗಳನ್ನು ನೋಡುತ್ತಿದ್ದಳು. ನಾನು ನೋಡಿದ್ದು ಕಂಡು ಪಾತ್ರೆ ತೊಳೆಯತೊಡಗಿದಳು. ತೊಳೆದಿಟ್ಟ ಪಾತ್ರೆಯನ್ನೇ ತೊಳೆದಳು.

ಆಮೇಲೆ ಇದೇ ಕಥೆ. ಒಂದೆರಡು ದಿನ ಏಳುವುದು, ಒಂದು ದಿನ ಮುಷ್ಕರ. ಒಂದು ಸಲ ಬಾನೆಟ್ಟಿನ ಕೆಳಗಿನ ಸ್ವಿಚ್ಚಿಗೆ ಧೂಳು ಅಂದರು, ಹೊಸದು ಹಾಕಿದರು. ಇನ್ನೊಂದು ಸಲ ಗಾಜಿಗೆ ಅಂಟಿಸಿದ ಆಂಟೆನಾ ಜಾಗ ಸರಿಯಿಲ್ಲ ಅಂದರು, ಇತ್ತ ಕಡೆಯದನ್ನು ಅತ್ತ ಅಂಟಿಸಿದರು. ಮತ್ತೊಂದು ಸಲ ಬ್ರೇಕ್ ದೀಪದ ವೈರು. ಒಂದು ದಿನ ಮಲಗಿದ್ದ ಕೀಯನ್ನೂ ಎಬ್ಬಿಸಿ, ಟೇಪು ಬದಲಾಯಿಸಿ, ಮತ್ತೆ ಮಲಗಿಸಿದರು. ಅವರು ಬಂದು ಹೋದ ಮೇಲೆ ಕಾರಿನೊಳಗೆ ಬೆಸುಗೆಯ ವಾಸನೆ ನಿಂತಿರುತ್ತಿತ್ತು. ಸುಟ್ಟ ಅಂಟಿನ, ಸ್ವಲ್ಪ ಸಿಹಿಯಾದ ವಾಸನೆ. ಅವರ ಅಂಗಿಯದೂ ಅದೇ ವಾಸನೆ.

ತಪ್ಪು ನನ್ನದೇ ಇರಬಹುದು ಅಂತ ನನಗೆ ಅನುಮಾನ ಶುರುವಾಯಿತು. ಸಂಜೆ ಕಾರು ನಿಲ್ಲಿಸುವಾಗ ಬಾಯಲ್ಲಿ ಹೇಳಿಕೊಂಡೇ ಮಾಡುತ್ತಿದ್ದೆ: ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ರಿಮೋಟು, ಕೀ. ಪಕ್ಕದ ಮನೆಯಾಕೆ ನೋಡಿದರೆ ತಲೆ ಕೆಟ್ಟಿದೆ ಅನ್ನಬೇಕು. ಒಳಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ, ಇಡೀ ದಿನ ಬಿಸಿ ಬಟ್ಟೆಯ ಆವಿ ಕುಡಿದ ಮೈಗೆ ಜೋಂಪು ಹತ್ತಿಬಿಡುತ್ತಿತ್ತು. ಮುಸ್ಸಂಜೆಯ ಆ ನಿದ್ದೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಅಂಗಳದ ತುಂಬ ಚಾದರಗಳು ತಾವೇ ಮಡಿಸಿಕೊಳ್ಳುತ್ತಿರುತ್ತವೆ. ಯಾರೋ ಹೆಂಗಸು ಅವುಗಳ ನಡುವೆ ಮೆಲ್ಲಗೆ ನಡೆದು ಹೋಗುತ್ತಾಳೆ. ಎಲ್ಲೋ 'ಟಪ್' ಅಂತ ಮೆತ್ತನೆಯ ಸದ್ದು. ಬಹಳ ಹೊತ್ತಾದ ಮೇಲೆ ಮತ್ತೆ 'ಟಪ್'. ಕಣ್ಣು ಬಿಟ್ಟರೆ ದೀಪ ಹತ್ತಿಸಿಕೊಂಡು ಮಗಳು ಎದುರಿಗೆ ನಿಂತಿರುತ್ತಿದ್ದಳು. "ಅಮ್ಮಾ, ಕುತ್ತಿಗೆ ನೋಯುತ್ತೆ, ಒಳಗೆ ಮಲಕ್ಕೋ." ಮತ್ತೆ ಮತ್ತೆ ಅದೇ ಕನಸು ಬೀಳುತ್ತದಲ್ಲ ಅಂತ ನನಗೆ ಅನಿಸಿದ್ದೇನೋ ಹೌದು. ಇಷ್ಟು ವರ್ಷ ಬಟ್ಟೆ ಮಡಿಸಿದವಳಿಗೆ ಇನ್ನೇನು ಬೀಳಬೇಕು ಅಂದುಕೊಂಡು ಸುಮ್ಮನಾಗಿದ್ದೆ.

ಅಷ್ಟರಲ್ಲಿ ಇನ್ನೊಂದು ಸುದ್ದಿ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದೂರದ ಊರಲ್ಲಿ ಅವರದು ಹೊಸ ಅಂಗಡಿ ತೆರೆಯುತ್ತದಂತೆ, ಇವಳೇ ಹೋಗಿ ನೋಡಿಕೊಳ್ಳಬೇಕಂತೆ.

"ಹೂಂ ಅಂದೆ," ಅಂದಳು. "ಸೋಮವಾರ ಬೆಳಗ್ಗೆ ರೈಲು. ನೀನೇ ಸ್ಟೇಷನ್‌ಗೆ ಬಿಡ್ಬೇಕು."

"ಅಳಿಯಂದಿರಿಗೆ ಹೇಳಿದ್ಯಾ?"

"ಅವರು ಕೇಳಿದ್ರೆ ತಾನೆ ಹೇಳೋದು?"

 ಹೋಗುವವಳು ಊರಿಗೆ ಹೋಗುತ್ತಿಲ್ಲ, ಅವರ ಸಂಸಾರದಿಂದಲೇ ಹೋಗುತ್ತಿದ್ದಾಳೆ ಅಂತ ತಿಳಿಯಲು ನನಗೆ ಕನ್ನಡಕ ಬೇಕಿರಲಿಲ್ಲ. ಸೋಮವಾರದೊಳಗೆ ಆ ಮನುಷ್ಯ ಬಾಯಿ ಬಿಡದಿದ್ದರೆ ಮುಗಿಯಿತು. ಮಾರನೆಯ ಬೆಳಗ್ಗೆ ಕಾರು ಮತ್ತೆ ಉದ್ದ ಉದ್ದ ಗಿಡ್ಡ ಅಂದಾಗ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಫೋನು ಮಾಡಲಿಲ್ಲ. ಕೀ ತಿರುಗಿಸಿ, ಬೆರಳು ನೋಯಿಸಿಕೊಂಡು, ಕೆಲಸ ಮುಗಿಸಿ, ನೆಟ್ಟಗೆ ಶೆಡ್ಡಿಗೇ ಹೋದೆ. ಈ ಯಂತ್ರ ಕಿತ್ತು ಹಾಕಿ ಅಂತ ಹೇಳುವುದು ನೆಪ. ನಾಲ್ಕು ಮಾತು ಬೈದು ಬರಬೇಕು ಅಂತಲೇ ಹೋದದ್ದು.

ಶೆಡ್ಡಿನಲ್ಲಿ ಅಳಿಯ ತಲೆ ಬಗ್ಗಿಸಿ ಏನೋ ಬೆಸೆಯುತ್ತ ಕೂತಿದ್ದರು. ಗೋಡೆ ತುಂಬ ವೈರಿನ ಸುರುಳಿಗಳು, ಹಳೇ ಹಾರನ್ನುಗಳು, ಕೆಳಗೆ ಎಣ್ಣೆ ಕುಡಿದ ಕಪ್ಪು ನೆಲ. ರೈಲು ಹೋದಾಗ ಡಬ್ಬಿಯಲ್ಲಿದ್ದ ಫ್ಯೂಸುಗಳೆಲ್ಲ ಗಲಗಲ ಅಂದವು. ಕೆಲಸದ ಮೇಜಿನ ಮೇಲ್ಗಡೆ ಗೋಡೆಯಲ್ಲಿ ಒಂದು ಮೊಳೆ. ಅದರಲ್ಲಿ ಸುತ್ತಿದ ಬಿಳೀ ವೈರು, ತುದಿಯಲ್ಲಿ ಹಾಲುಬಣ್ಣದ ಗಾಜಿನ ಬಟ್ಟಲು. ಇಡೀ ಶೆಡ್ಡಿನಲ್ಲಿ ಧೂಳಿಲ್ಲದ ವಸ್ತು ಅದೊಂದೇ. ಬೈಯಲು ತೆರೆದ ಬಾಯಿ ನನಗೆ ಅಲ್ಲೇ ಮುಚ್ಚಿಹೋಯಿತು.

ಅಷ್ಟರಲ್ಲಿ ಬ್ರೆಡ್ಡಿನ ವ್ಯಾನಿನವನು ಬಂದ. ಬಾಗಿಲಲ್ಲೇ ನಿಂತು ಕೂಗಿದ. "ಅಣ್ಣಾ, ನೀನು ಹಾಕಿದ ಸ್ಟಾರ್ಟರ್ ಕೈ ಕೊಡ್ತು ನೋಡು!" ರಿಮೋಟ್ ಒತ್ತಿ ತೋರಿಸಿದ. ವ್ಯಾನಿನ ದೀಪ ಮಿನುಗಿತು. ಉದ್ದ, ಉದ್ದ, ಗಿಡ್ಡ.

ಅಳಿಯ ಕೂತಲ್ಲಿಂದ ಏಳಲೂ ಇಲ್ಲ. "ಕೆಟ್ಟಿಲ್ಲ. ನಿಲ್ಸಿದ ಮೇಲೆ ಯಾರೋ ಬಾಗಿಲು ತೆಗ್ದಿದ್ದಾರೆ. ಉದ್ದ ಉದ್ದ ಗಿಡ್ಡ ಅಂದ್ರೆ ಅದೇ."

ವ್ಯಾನಿನವನು ತಲೆ ಕೆರೆದುಕೊಂಡ. "ಹೌದಲ್ಲಾ, ಟೋಪಿ ಮರ್ತು ನಾನೇ ತೆಗೆದೆ," ಅಂದುಕೊಂಡು ಹೋದ. ಅಳಿಯ ತಲೆಯೆತ್ತಿದರು, ಆಗ ಅವರಿಗೆ ನಾನು ಕಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವರ ಕೈ ತಾನೇ ಟೆಸ್ಟ್ ಲ್ಯಾಂಪಿನ ಕಡೆ ಹೋಯಿತು.

"ಹಾಗಾದ್ರೆ ಮೊದಲ ದಿನಾನೇ ಗೊತ್ತಿತ್ತು ನಿಮಗೆ," ಅಂದೆ. "ಫೋನಲ್ಲೇ ಗೊತ್ತಾಗಿತ್ತು. ಮತ್ತೆ ಆ ಅರ್ತು, ಆ ಆಂಟೆನಾ, ಆ ಬ್ರೇಕ್ ವೈರು, ಎಲ್ಲಾ ಯಾಕೆ?"

ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಬರೋಕೆ ಏನಾದ್ರೂ ಕೆಲಸ ಬೇಕಲ್ಲ ಅತ್ತೆ."

ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

"ಬಾಗಿಲು ನೀವೇ ತೆಗೀತಿದ್ದೀರಿ ಅಂದ್ಕೊಂಡೆ," ಅಂದರು. "ನನ್ನನ್ನು ಕರೆಸೋಕೆ. ದೊಡ್ಡೋರು, ಬಾಯಿ ಬಿಟ್ಟು ಹೇಳೋಕಾಗಲ್ಲ ಅಂತ ಹೀಗೆ ಮಾಡ್ತಿದ್ದೀರಿ ಅಂತ."

"ನಾನಾ! ನನಗೆ ಹೇಳೋದಿದ್ರೆ ನಾನು ಬಾಯಲ್ಲೇ ಹೇಳ್ತೀನಿ, ಬಾಗಿಲಲ್ಲಿ ಹೇಳಲ್ಲ. ನಾನಲ್ಲ."

ಮಾತು ಮುಗಿಯುವ ಮೊದಲೇ ನಮ್ಮಿಬ್ಬರಿಗೂ ಹೊಳೆಯಿತು. ನಮ್ಮ ಮನೆಯಲ್ಲಿ ಇರುವುದು ಇಬ್ಬರೇ.  ಇನ್ನೊಂದು ರೈಲು ಹೋಯಿತು. ಅದರ ಗಲಾಟೆ ಮುಗಿಯುವ ತನಕ ಕಾದು, ನಾನು ಹೇಳಬೇಕಾದ್ದನ್ನು ಹೇಳಿದೆ. "ಸೋಮವಾರ ಬೆಳಗ್ಗೆ ಅವಳು ರೈಲಿಗೆ ಹೋಗ್ತಿದ್ದಾಳೆ. ಬೇರೆ ಊರಲ್ಲಿ ಕೆಲಸ. ನೀವು ಏನಾದ್ರೂ ಹೇಳೋದಿದ್ರೆ, ಅಷ್ಟರೊಳಗೆ ಹೇಳ್ಬೇಕು."

ಅವರು ಮೊಳೆಯ ಕಡೆ ನೋಡಿದರು. 

ಅವತ್ತು ಮುಸ್ಸಂಜೆ ಕುರ್ಚಿಯಲ್ಲಿ ಕೂತು ನಿದ್ದೆ ಬಂದಂತೆ ಕಣ್ಣು ಮುಚ್ಚಿದೆ. ಅರೆಗಣ್ಣಿನಲ್ಲಿ ನೋಡುತ್ತಿದ್ದೆ. ಮಗಳು ಗೂಟದಿಂದ ರಿಮೋಟ್ ತೆಗೆದುಕೊಂಡು ಹೊರಗೆ ಹೋದಳು. ಅಂಗಳದಲ್ಲಿ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ, ಮಂಜು ಆಗಷ್ಟೇ ಇಳಿಯುತ್ತಿತ್ತು. ನನ್ನ ಕನಸಿನ ಹೆಂಗಸು ಹೇಗೆ ನಡೆಯುತ್ತಿದ್ದಳೋ ಹಾಗೇ ನಡೆದಳು. ಟಪ್. ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡು, ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ಅವಳು ಅಳುತ್ತಿರಲಿಲ್ಲ. ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿದ್ದಳು, ಅಷ್ಟೆ.

ಒಳಗೆ ಬಂದಾಗ ನಾನು ಕಣ್ಣು ಬಿಟ್ಟುಕೊಂಡೇ ಕೂತಿದ್ದೆ. ಅವಳು ಬಾಗಿಲಲ್ಲೇ ನಿಂತಳು.

"ಮೊದಲ ದಿನ ಗೊತ್ತಿರ್ಲಿಲ್ಲಮ್ಮ," ಅಂದಳು. "ಅವರು ಕೆಲಸ ಮಾಡಿ ಹೋಗಿದ್ರು. ಕಾರೊಳಗೆ ಅವರ ವಾಸನೆ ಇತ್ತು. ಸುಮ್ನೆ ಕೂತೆ. ಬೆಳಗ್ಗೆ ನೋಡಿದ್ರೆ ಕಾರು ಎದ್ದಿಲ್ಲ, ಅವರು ಬಂದಿದ್ದಾರೆ."

"ಆಮೇಲೆ?"

"ಆಮೇಲೆ ಗೊತ್ತಿತ್ತು."

"ಅಷ್ಟು ಇದ್ದೋಳು ಒಂದು ಫೋನ್ ಮಾಡಿ ಕರೀಬಾರದೇನೇ? ನನ್ನ ಬೆರಳಿನ ಗತಿ ಏನು?"

"ನಾನು ಕರೆದ್ರೆ ಬರ್ತಾರೆ. ಬಂದು ಸುಮ್ನೆ ಕೂರ್ತಾರೆ. ನನಗೆ ಅದು ಬೇಡ. ನಮ್ಮ ಕೂಸಿನ ಬಗ್ಗೆ ಒಂದೇ ಒಂದು ಮಾತು ಅವರ ಬಾಯಿಂದ ಬರ್ಬೇಕು. ಇಲ್ಲ ಅಂದ್ರೆ ಅತ್ತಿದ್ದು ನಾನೊಬ್ಬಳೇ ಅಂತ ಆಗುತ್ತೆ."

ಮೊಳೆಯ ಮೇಲಿನ ಆ ಗಾಜಿನ ಬಟ್ಟಲಿನ ಸುದ್ದಿ ನನ್ನ ನಾಲಿಗೆಯ ತುದಿಗೆ ಬಂತು. ಕಷ್ಟಪಟ್ಟು ನುಂಗಿದೆ. ಅದು ನಾನು ಹೇಳಬೇಕಾದ ಮಾತಲ್ಲ. ನನ್ನಂಥ ಬಾಯಾಳಿಗೆ ಅದೆಂಥ ಶಿಕ್ಷೆ ಅಂತ ನನಗೇ ಗೊತ್ತು.

ಶನಿವಾರ ಬೆಳಗ್ಗೆ ಅಳಿಯ ಕರೆಯದೆಯೇ ಬಂದರು. ಕಾರಿನ ಕೆಳಗೆ ಬಹಳ ಹೊತ್ತು ಮಲಗಿದ್ದರು. "ಈ ಸಲ ಏನು ಕೆಟ್ಟಿದೆ?" ಅಂತ ಬೇಕೆಂದೇ ಜೋರಾಗಿ ಕೇಳಿದೆ.

"ಕೆಟ್ಟಿಲ್ಲ ಅತ್ತೆ. ಒಂದು ಲೈನ್ ಎಳೀಬೇಕಿತ್ತು."

ಹೋಗುವಾಗ ಚಹಾದ ಲೋಟ ಅವರೇ ತಂದು ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟರು. ಒಳಗೆ ಮಗಳು ಇದ್ದಳು. ಇಬ್ಬರೂ ಲೋಟವನ್ನು ನೋಡಿದರು. ನನಗೆ ಇಬ್ಬರ ತಲೆಯನ್ನೂ ಹಿಡಿದು ಗಟ್ಟಿಸೋಣ ಅನ್ನಿಸಿತು.

ಭಾನುವಾರ ಮುಸ್ಸಂಜೆ ಮಗಳ ಚೀಲ ತುಂಬಿ ಬಾಗಿಲ ಬಳಿ ನಿಂತಿತ್ತು. ಅವಳು ರಿಮೋಟ್ ತೆಗೆದುಕೊಂಡಳು, ಈ ಸಲ ನನ್ನಿಂದ ಮುಚ್ಚುಮರೆ ಇರಲಿಲ್ಲ. ನಾನು ಕಿಟಕಿಯಲ್ಲಿ ನಿಂತೆ. ಮಂಜಿನಲ್ಲಿ ಕಾರಿನ ಅಂಚುಗಳು ಕರಗಿದ್ದವು. ಅವಳು ಬಾಗಿಲು ತೆಗೆದಳು.

ಒಳಗೆ, ಅವಳು ಕಾಲಿಡುವ ಜಾಗದಲ್ಲಿ, ಒಂದು ಬೆಳಕು ಹುಟ್ಟಿತು. ಥಟ್ಟನೆ ಅಲ್ಲ. ಮೊದಲು ಇದೆಯೋ ಇಲ್ಲವೋ ಅನ್ನುವಂತೆ, ಆಮೇಲೆ ಹಾಲಿನಂತೆ, ಆಮೇಲೆ ಬೆಣ್ಣೆಯಂತೆ. ಒಳಗಿನ ಕತ್ತಲನ್ನು ಅದು ಬೆಚ್ಚಿಸಲಿಲ್ಲ. ಮಗಳು ಬಾಗಿಲನ್ನು ಹಿಡಿದುಕೊಂಡು ಹಾಗೇ ನಿಂತಳು. ಆಮೇಲೆ ಬಾಗಿಲು ಹಾಕಿದಳು, ಬೆಳಕು ಮೆಲ್ಲಗೆ ಆರಿತು. ಮತ್ತೆ ತೆಗೆದಳು. ಮತ್ತೆ ಹುಟ್ಟಿತು. ಎಷ್ಟು ಸಲ ತೆಗೆದಳೋ, ಎಷ್ಟು ಸಲ ಹಾಕಿದಳೋ, ನನ್ನ ಕಣ್ಣು ತುಂಬಿ ಏನೂ ಕಾಣದಾಯಿತು.

ಒಳಗೆ ಬಂದವಳ ಮುಖ ಒದ್ದೆಯಾಗಿತ್ತು. "ಬಿಸಾಡಿದ್ರು ಅಂದ್ಕೊಂಡಿದ್ದೆ," ಅಂದಳು.

ಆದರೂ ಚೀಲ ಬಾಗಿಲ ಬಳಿಯೇ ಇತ್ತು. ಅವಳು ನನ್ನ ಮಗಳೇ, ಹಟದಲ್ಲಿ ನನ್ನನ್ನೂ ಮೀರಿಸಿದವಳು.

ಸೋಮವಾರ ಬೆಳಗ್ಗೆ ನಾನು ಹಾಲಿಟ್ಟು, ಗೊತ್ತಿದ್ದೂ ಗೊತ್ತಿದ್ದೂ ರಿಮೋಟ್ ಒತ್ತಿದೆ. ಉದ್ದ, ಉದ್ದ, ಗಿಡ್ಡ. ಮಗಳು ಕೋಟು ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು. "ಕೀ ಹಾಕಿ ಸ್ಟಾರ್ಟ್ ಮಾಡ್ತೀನಿ, ರೈಲಿಗೆ ಹೊತ್ತಾಗುತ್ತೆ," ಅಂದೆ. ಕೀಯನ್ನು ಕೈಯಲ್ಲಿ ಹಿಡಿದೆ, ಆದರೆ ಕಾಲು ಎತ್ತಿಡಲಿಲ್ಲ.

ಅವಳು ನನ್ನ ಫೋನು ತೆಗೆದುಕೊಂಡಳು. ನಂಬರ್ ಒತ್ತಿ ಕಿವಿಗೆ ಹಿಡಿದಳು. "ಕಾರು ಏಳ್ತಿಲ್ಲ," ಅಂದಳು. ಅಷ್ಟೇ ಹೇಳಿ ಇಟ್ಟಳು.

ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ, ಗೇಟಿನಲ್ಲಿ ಹಳದಿ ವ್ಯಾನು ನಿಂತಿತು. ಶೆಡ್ಡಿನಿಂದ ಇಲ್ಲಿಗೆ ಅಷ್ಟು ಬೇಗ ಬರಲು ರೆಕ್ಕೆ ಬೇಕು. ಮನುಷ್ಯ ಪಕ್ಕದ ಬೀದಿಯಲ್ಲೇ ಕಾದು ಕೂತಿದ್ದರು ಅಂತ ಕಾಣುತ್ತದೆ. ಕೈಯಲ್ಲಿ ಚೀಲ ಇಲ್ಲ, ಟೆಸ್ಟ್ ಲ್ಯಾಂಪೂ ಇಲ್ಲ.

ಮಗಳು ಹೊರಗೆ ಹೋಗಿ ತನ್ನ ಸೀಟಿನಲ್ಲಿ ಕೂತಿದ್ದಳು. ಬಾಗಿಲು ತೆರೆದೇ ಇತ್ತು, ಪಾದದ ಬಳಿ ಆ ಬೆಳಕು. ಅಳಿಯ ಬಂದವರೇ ಅಭ್ಯಾಸಬಲದಿಂದ ಡ್ರೈವರ್ ಸೀಟಿನ ಕೆಳಗೆ ಬೆನ್ನು ಕೊಡಲು ಬಗ್ಗಿದರು. ನನಗೆ ಸಿಟ್ಟು ಬಂತು. ಇನ್ನೂ ಯಾವ ಅರ್ತು ನೋಡಬೇಕಾಗಿದೆ ಇವರಿಗೆ! ಅಷ್ಟರಲ್ಲಿ ಮಗಳು ಡ್ರೈವರ್ ಸೀಟನ್ನು ಕೈಯಿಂದ ತಟ್ಟಿದಳು. ಅವರು ಬಗ್ಗಿದವರು ನಿಧಾನಕ್ಕೆ ನೆಟ್ಟಗಾಗಿ, ಕೂತರು. ಟಪ್, ಟಪ್, ಎರಡು ಬಾಗಿಲೂ ಮುಚ್ಚಿದವು. ಬೆಳಕು ಮೆಲ್ಲಗೆ ಇಳಿಯಿತು.

ಇಬ್ಬರೂ ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದರು.  ಮಾತಾಡಿ ಮಾರಾಯರೇ, ಮಾತಾಡಿ, ಅಂತ ಮನಸ್ಸಿನಲ್ಲೇ ಬೈದೆ. ಎಷ್ಟೋ ಹೊತ್ತಿನ ಮೇಲೆ ಅವರ ಬಾಯಿ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಆಮೇಲೆ ನಿಲ್ಲಲೇ ಇಲ್ಲ. ಆ ಮನುಷ್ಯ ಮಾತಾಡುತ್ತಲೇ ಇದ್ದರು, ಕೈ ಎತ್ತಿ ಏನೋ ತೋರಿಸುತ್ತ, ಕಣ್ಣು ಒರೆಸಿಕೊಳ್ಳುತ್ತ, ಮತ್ತೆ ಹೇಳುತ್ತ. ನನಗೆ ಒಂದಕ್ಷರ ಕೇಳಿಸಲಿಲ್ಲ. ಹೊರಗೆಲ್ಲ ಬಿಳುಪು, ನಡುವೆ ಸದ್ದಿಲ್ಲದ ಆ ಮಾತು. ಮಗಳು ತಲೆ ತಿರುಗಿಸಿ ಅವರನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವರಿಬ್ಬರ ಉಸಿರಿಗೆ ಗಾಜೆಲ್ಲ ಮಸುಕಾಗಿ, ಒಳಗಿದ್ದವರು ಕಾಣದಾದರು.

ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಒರೆಸಿದೆ. ಕಾರಿನ ಕೀಯನ್ನು ಯಾವಾಗಲೂ ಇಡುವ ಹೂವಿನ ಕುಂಡದ ಕೆಳಗಿಟ್ಟು, ಹಿತ್ತಿಲ ಬಾಗಿಲಿನಿಂದ ಸದ್ದಿಲ್ಲದೆ ಹೊರಟು, ಬಸ್ಸಿನಲ್ಲಿ ಕೆಲಸಕ್ಕೆ ಹೋದೆ. ದೂರದಲ್ಲಿ ರೈಲು ಕೂಗಿದ್ದು ಬಸ್ಸಿನಲ್ಲೇ ಕೇಳಿತು.

ಮಧ್ಯಾಹ್ನ ಬಟ್ಟೆ ಕೋಣೆಗೆ ಫೋನು ಬಂತು. "ಅಮ್ಮಾ, ಅವರು ಕಾರನ್ನ ನಾಳೆ ಬೆಳಗ್ಗೆಗೆ ತಯಾರು ಮಾಡಿಟ್ಟಿದ್ದಾರೆ, ಕೀ ಮತ್ತೆ ಕುಂಡದ ಕೆಳಗೇ ಇಟ್ಟಿದೀನಿ. ನಾವು ಮನೆಗೆ ಹೋಗ್ತಿದ್ದೀವಿ."

"ಯಾವ ಮನೆಗೆ?"

"ನಮ್ಮನೆಗೆ," ಅಂದಳು. ಅವಳ ದನಿ ಮೂಗು ಕಟ್ಟಿದಂತಿತ್ತು. "ಕನ್ನಡಕದ ಅಂಗಡಿಯವರಿಗೆ ಹೋಗಲ್ಲ ಅಂತ ಹೇಳಿದೆ. ಅಮ್ಮಾ, ದೀಪ ಯಾಕೆ ಬಿಚ್ಚಿದ್ರು ಅಂತ ಹೇಳಿದ್ರು. ನಾನು ಅದನ್ನ ನೋಡಿದ್ರೆ ಸತ್ತೇ ಹೋಗ್ತೀನೇನೋ ಅಂತ ಭಯ ಆಯ್ತಂತೆ. ಆಮೇಲೆ ಶೆಡ್ಡಲ್ಲಿ ದಿನಾ ಹತ್ತಿಸ್ತಿದ್ರಂತೆ. ಒಬ್ರೇ."

ನಾನು ಬಿಸಿ ಚಾದರಗಳ ರಾಶಿಯಲ್ಲಿ ಮುಖ ಇಟ್ಟುಕೊಂಡು ಚೆನ್ನಾಗಿ ಅತ್ತೆ. ಆಮೇಲೆ ಆ ಚಾದರವನ್ನು ಮತ್ತೆ ಒಗೆಯಲು ಹಾಕಿದೆ.

ಮಾರನೆಯ ಬೆಳಗ್ಗೆ ಮಂಜು ಹಾಗೇ ಇತ್ತು. ರಿಮೋಟ್ ಒತ್ತಿದೆ. ಒಂದು ಕೆಮ್ಮು, ಎರಡು ಕಿತ್ತಳೆ ಬೆಳಕು, ಕಾರು ಒಂದೇ ಸಲಕ್ಕೆ ಎದ್ದಿತು. ಅದರ ಮಾರನೆಯ ದಿನವೂ ಎದ್ದಿತು. ಆ ವಾರವೆಲ್ಲ ಒಂದು ದಿನವೂ ತಪ್ಪಲಿಲ್ಲ. ಎದ್ದಾಗಲೆಲ್ಲ ನನಗೆ ಖುಷಿಯಾಗಬೇಕಿತ್ತು. ಆಗುತ್ತಿತ್ತು, ಅವರಿಬ್ಬರನ್ನು ನೆನೆದಾಗ. ಆದರೆ ಸುಳ್ಳು ಯಾಕೆ ಹೇಳಲಿ, ಗುನುಗುಟ್ಟುವ ಆ ಖಾಲಿ ಕಾರನ್ನು ನೋಡಿದಾಗ ಮನೆ ಬಿಕೋ ಅನ್ನುತ್ತಿತ್ತು. ಮುಸ್ಸಂಜೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಚಾದರಗಳು ಮಡಿಸಿಕೊಳ್ಳುತ್ತಿದ್ದವು, ನಡುವೆ ಯಾರೂ ನಡೆಯುತ್ತಿರಲಿಲ್ಲ.

ಶನಿವಾರ ಸಂಜೆ ಕಾರು ನಿಲ್ಲಿಸಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ರಿಮೋಟು, ಕೀ, ಎಲ್ಲ ಕ್ರಮವಾಗಿ ಮಾಡಿ ಒಳಗೆ ಬಂದೆ. ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತೆ. ಆಮೇಲೆ ಎದ್ದು, ಗೂಟದಿಂದ ರಿಮೋಟ್ ತೆಗೆದುಕೊಂಡು, ಮಂಜಿನಲ್ಲಿ ಮೆಲ್ಲಗೆ ನಡೆದು ಹೋಗಿ ಪಕ್ಕದ ಸೀಟಿನ ಬಾಗಿಲು ತೆಗೆದೆ. ಪಾದದ ಬಳಿ ಬೆಳಕು ಹುಟ್ಟಿತು, ನಾನು ಎಂದೂ ಎತ್ತಿಕೊಳ್ಳದ ಕೂಸಿನ ಬೆಳಕು. ಅದರ ಜೊತೆ ಸ್ವಲ್ಪ ಹೊತ್ತು ಕೂತಿದ್ದೆ.

ಭಾನುವಾರ ಬೆಳಗ್ಗೆ ಅಳಿಯಂದಿರಿಗೆ ಫೋನು ಮಾಡಿದೆ. "ಕಾರು ಏಳ್ತಿಲ್ಲ," ಅಂದೆ.

"ದೀಪ ಹೇಗೆ ಮಿನುಗ್ತು ಅತ್ತೆ?"

"ಉದ್ದ ಉದ್ದ ಗಿಡ್ಡ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದಿನಿಂದ ಮಗಳು ನಕ್ಕಿದ್ದು ಕೇಳಿಸಿತು.

"ಅರ್ತ್ ಲೂಸಾಗಿರಬಹುದು ಅತ್ತೆ," ಅಂದರು ಅಳಿಯ. "ಇಬ್ರೂ ಬರ್ತೀವಿ."